ನಮ್ಮನೆ ಹಾಫ್‌ಬೀಕ್ ಮರಿಗಳು ಬದುಕಿದ್ದು ಹೀಗೆ

ಮೊದಲ ಸಲ ಮರಿ ಹಾಕಿದಾಗ 11 ಮರಿಗಳಲ್ಲಿ 8 ಸತ್ತೇ ಹುಟ್ಟಿದ್ದವು. ಬೆಳಿಗ್ಗೆ ನೋಡಿದರೆ ಬಿಳಿ ದಾರದ ತುಂಡುಗಳ ಹಾಗೆ ಮರಳಿನ ಮೇಲೆ ಬಿದ್ದಿದ್ದವು. ಉಳಿದ ಮೂರೂ ಸಂಜೆಯೊಳಗೆ ಹೋದವು. ತುಂಬಾ ಬೇಜಾರಾಯ್ತು. ಏನು ತಪ್ಪಾಯ್ತು, ಆಮೇಲೆ ಏನು ಬದಲಾಯಿಸಿದೆ ಅನ್ನೋದನ್ನು ಬರೆದಿಡುತ್ತಿದ್ದೇನೆ, ಈ ಮೀನು ಸಾಕುವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲಿ.

ಹಾಫ್‌ಬೀಕ್ ಅಂದರೆ ಅರ್ಧ ಕೊಕ್ಕಿನ ಮೀನು. ಕೆಳಗಿನ ದವಡೆ ಸೂಜಿಯಂತೆ ಮುಂದಕ್ಕೆ ಚಾಚಿರುತ್ತದೆ, ಮೇಲಿನದು ಗಿಡ್ಡ. ಬಾಯಿ ತೆರೆಯುವಾಗ ಮೇಲಿನ ದವಡೆ ಎತ್ತಿಕೊಳ್ಳುತ್ತದೆ. ನನ್ನ ಹತ್ತಿರ ಇರುವುದು ಡರ್ಮೋಜೆನಿಸ್ ಪುಸಿಲ್ಲಾ. ಗಂಡು ಸುಮಾರು 5 ಸೆಂಟಿಮೀಟರ್, ಹೆಣ್ಣು 7ರ ಹತ್ತಿರ ಬೆಳೆಯುತ್ತದೆ. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಕಡೆಯ ಹೊಳೆ, ಗದ್ದೆ ಕಾಲುವೆಗಳಲ್ಲೂ ಇರುತ್ತದೆ, ಸಮುದ್ರಕ್ಕೆ ಹೊಳೆ ಸೇರುವ ಜಾಗದ ಮ್ಯಾಂಗ್ರೋವ್ ನೀರಿನಲ್ಲೂ ಇರುತ್ತದೆ. ನಮ್ಮ ಕುಂದಾಪುರ ಕಡೆ ಕಾಂಡ್ಲಾ ಕಾಡು ಅಂತಾರಲ್ಲ, ಅಂಥ ಜಾಗ. ಭರತ ಬಂದಾಗ ಉಪ್ಪು, ಇಳಿತದಲ್ಲಿ ಸಪ್ಪೆ.

ಹಾಗಾಗಿ ಮೈಸೂರಿನ ನಲ್ಲಿ ನೀರಿಗೆ ಸ್ವಲ್ಪ ಉಪ್ಪು ಬೆರೆಸಿದ್ದೇನೆ. ಬರೀ ಸಿಹಿನೀರಿನಲ್ಲೂ ಇದನ್ನು ಸಾಕುವವರಿದ್ದಾರೆ, ಆದರೆ ನನಗೆ ಉಪ್ಪಿನಲ್ಲೇ ಚೆನ್ನಾಗಿ ಬಂತು. ಅಡುಗೆ ಉಪ್ಪಲ್ಲ, ಸಮುದ್ರದ ಮೀನು ಸಾಕುವವರು ಬಳಸುವ ಮೆರೈನ್ ಸಾಲ್ಟ್. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಇರುತ್ತವೆ. ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ನೀರು 20 ಸೆಂಟಿಮೀಟರ್ ಅಷ್ಟೇ, ಅಂದರೆ ಸುಮಾರು 80 ಲೀಟರ್. ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ 240 ಗ್ರಾಂ ಉಪ್ಪನ್ನು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿದೆ. ನೀರು ಆರಿ ಕಡಿಮೆಯಾದರೆ ಸಪ್ಪೆ ನೀರನ್ನೇ ಹಾಕಬೇಕು, ಯಾಕಂದರೆ ಉಪ್ಪು ಆರಿ ಹೋಗುವುದಿಲ್ಲ. ನೀರು ಬದಲಾಯಿಸುವಾಗ ಮಾತ್ರ ಹೊಸ ನೀರಿಗೆ ಉಪ್ಪು. ಇವು ಮೇಲ್ಮೈಯಲ್ಲೇ ಓಡಾಡುವ ಮೀನುಗಳು, ಆದ್ದರಿಂದ ಆಳಕ್ಕಿಂತ ಅಗಲ ಮುಖ್ಯ. ಡಿಸೆಂಬರ್ ರಾತ್ರಿಗಳಲ್ಲಿ ನಮ್ಮಲ್ಲಿ ಚಳಿ ಜಾಸ್ತಿ, ಹೀಟರ್ 26 ಡಿಗ್ರಿಗೆ ಇಟ್ಟಿದ್ದೇನೆ.

ಅಂಗಡಿಯಲ್ಲಿ ಆರು ಕೊಂಡಿದ್ದೆ. ಬೆನ್ನಿನ ರೆಕ್ಕೆಯಲ್ಲಿ ಕೆಂಪು ಮಚ್ಚೆ ಇರುವುದೇ ಚಂದ ಅಂತ ಹೆಚ್ಚಾಗಿ ಅವನ್ನೇ ಆರಿಸಿದೆ. ಅದು ಗಂಡಿನ ಗುರುತು ಅಂತ ಆಗ ಗೊತ್ತಿರಲಿಲ್ಲ. ನಾಲ್ಕು ಗಂಡು, ಎರಡು ಹೆಣ್ಣು ಬಂದವು. ಎರಡನೇ ದಿನದಿಂದಲೇ ಕುಸ್ತಿ. ಒಂದರ ಕೊಕ್ಕನ್ನು ಇನ್ನೊಂದು ಕಚ್ಚಿ ಹಿಡಿದು, ಗರಡಿಯಲ್ಲಿ ಪೈಲ್ವಾನರು ಪಟ್ಟು ಹಾಕಿ ನಿಂತ ಹಾಗೆ ಅಲುಗಾಡದೆ ನಿಲ್ಲುತ್ತವೆ. ಒಂದು ದಿನ ಗಡಿಯಾರ ನೋಡಿದೆ, 14 ನಿಮಿಷ ಬಿಡಲೇ ಇಲ್ಲ. ಥಾಯ್ಲೆಂಡಿನಲ್ಲಿ ಇವುಗಳ ಜಗಳಕ್ಕೆ ಪಂದ್ಯ ಕಟ್ಟುತ್ತಿದ್ದರಂತೆ. ನನಗೆ ನೋಡಲು ಆಗಲಿಲ್ಲ, ಸೋತ ಗಂಡು ಮೂಲೆ ಸೇರಿ ಊಟ ಬಿಡುತ್ತಿತ್ತು. ಎರಡು ಗಂಡುಗಳನ್ನು ಬೇರೆ ಟ್ಯಾಂಕಿಗೆ ಹಾಕಿ, ಮೂರು ಹೆಣ್ಣು ಹೆಚ್ಚಿಗೆ ತಂದೆ. ಉಳಿದ ಎರಡು ಗಂಡುಗಳ ನಡುವೆ ತೇಲುವ ಗಿಡ ಬಿಟ್ಟೆ, ಒಂದಕ್ಕೊಂದು ಕಾಣದಿದ್ದರೆ ಜಗಳ ಕಡಿಮೆ.

ಕೊಕ್ಕಿನ ವಿಷಯ ಇನ್ನೊಂದಿದೆ. ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ಟ್ಯಾಂಕಿನ ಲೈಟ್ ಪಕ್ಕನೆ ಹತ್ತಿಕೊಂಡಿತು. ಹೆದರಿದ ಹೆಣ್ಣೊಂದು ಬಾಣದ ಹಾಗೆ ಹೋಗಿ ಗಾಜಿಗೆ ಬಡಿಯಿತು, ಕೊಕ್ಕಿನ ತುದಿ ಮುರಿಯಿತು. ತಿನ್ನಲು ಒದ್ದಾಡಿ ಒಂಬತ್ತನೇ ದಿನ ಸತ್ತಿತು. ಅದರ ನಂತರ ಮೂರು ಕಡೆ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿದೆ. ಬೆಳಿಗ್ಗೆ ಮೊದಲು ರೂಮಿನ ಲೈಟ್, ಹತ್ತು ನಿಮಿಷ ಬಿಟ್ಟು ಟ್ಯಾಂಕಿನದು. ದೀಪಾವಳಿಯಲ್ಲಿ ಟ್ಯಾಂಕಿನ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸುತ್ತೇನೆ. ಮುಚ್ಚಳವಂತೂ ಬೇಕೇ ಬೇಕು, ಇವು ಚೆನ್ನಾಗಿ ಹಾರುತ್ತವೆ.

ಈಗ ಮರಿಗಳ ವಿಷಯಕ್ಕೆ ಬರುತ್ತೇನೆ. ಇದು ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುವ ಮೀನು, ಬಸಿರು ಸುಮಾರು ಒಂದು ತಿಂಗಳು. ಮೊದಲ ಸಲ ನಾನು ಎರಡು ತಪ್ಪು ಮಾಡಿದ್ದೆ. ಹೊಟ್ಟೆ ದಪ್ಪಗಾದ ಹೆಣ್ಣನ್ನು ಬಲೆಯಲ್ಲಿ ಹಿಡಿದು ಸಣ್ಣ ಡಬ್ಬಿಗೆ ಹಾಕಿದ್ದೆ, ಗಪ್ಪಿಗೆ ಮಾಡುವ ಹಾಗೆ. ಇದು ಗಪ್ಪಿಯಷ್ಟು ಗಟ್ಟಿ ಅಲ್ಲ, ಬಸಿರಲ್ಲಿ ಹೆದರಿದರೆ ಅಕಾಲದಲ್ಲೇ ಮರಿ ಹಾಕಿಬಿಡುತ್ತದೆ. ಎರಡನೆಯದು ಊಟ. ದಿನಾ ಅದೇ ಒಣ ಫ್ಲೇಕ್ಸ್. ಕಾಡಿನಲ್ಲಿ ಈ ಮೀನು ನೀರಿಗೆ ಬಿದ್ದ ನೊಣ, ಸೊಳ್ಳೆ, ಇರುವೆ ತಿಂದು ಬದುಕುವುದು. ತಾಯಿಗೆ ಸರಿಯಾದ ಊಟ ಇಲ್ಲದಿದ್ದರೆ ಮರಿ ಸತ್ತು ಹುಟ್ಟುವುದು ಹೆಚ್ಚು.

ಹುಳ ಎಲ್ಲಿಂದ ತರುವುದು? ಬಾಳೆಹಣ್ಣಿನ ಸಿಪ್ಪೆಯನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಎರಡು ದಿನ ತೆರೆದಿಟ್ಟರೆ ಹಣ್ಣಿನ ನೊಣ ತಾವಾಗೇ ಬರುತ್ತವೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಮಂಕಾಗುತ್ತವೆ, ನೀರಿನ ಮೇಲೆ ಉದುರಿಸುವುದು. ಅವು ಬಿದ್ದ ಕ್ಷಣಕ್ಕೇ ಮೀನುಗಳು ಬರುವ ರೀತಿ ನೋಡಬೇಕು! ಇದರ ಜೊತೆ ತಾರಸಿಯಲ್ಲಿ ಬಕೆಟ್ ನೀರಿಟ್ಟು ಸೊಳ್ಳೆ ಮರಿ ಹಿಡಿಯುತ್ತಿದ್ದೆ. "ಡೆಂಗ್ಯೂ ಇರೋ ಕಾಲದಲ್ಲಿ ಸೊಳ್ಳೆ ಸಾಕ್ತೀಯೇನಪ್ಪಾ?" ಅಂತ ಅಮ್ಮ ಬೈದರು. ಅವರು ಹೇಳಿದ್ದು ಸರಿಯೇ. ದಿನಾ ಟೀ ಸೋಸುವ ಜಾಲರಿಯಲ್ಲಿ ಮರಿ ಎತ್ತಿ, ಐದನೇ ದಿನ ಬಕೆಟ್ ನೀರನ್ನೆಲ್ಲ ಬಿಸಿಲಿನ ನೆಲಕ್ಕೆ ಚೆಲ್ಲಿ, ಬಕೆಟ್ ಉಜ್ಜಿ ತೊಳೆಯುತ್ತಿದ್ದೆ. ಇಷ್ಟು ಶಿಸ್ತು ಇಲ್ಲದಿದ್ದರೆ ಆ ಕೆಲಸಕ್ಕೆ ಕೈ ಹಾಕಲೇಬೇಡಿ. ಈಗ ನಾನೂ ನಿಲ್ಲಿಸಿದ್ದೇನೆ, ನೊಣ ಮತ್ತು ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಅನ್ನೋ ಸಣ್ಣ ಕೆಂಪು ಹುಳ ಸಾಕಾಗುತ್ತಿದೆ.

ಎರಡನೇ ಸಲ ಹೆಣ್ಣನ್ನು ಮುಟ್ಟಲೇ ಇಲ್ಲ. ತೇಲುವ ಗಿಡ ಇನ್ನಷ್ಟು ದಟ್ಟ ಮಾಡಿದೆ. ಊಟ, ಜಾಗ ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲಾರೆ. ಆ ಸಲ 14 ಮರಿ, ಎರಡು ಮಾತ್ರ ಸತ್ತಿದ್ದವು. ಮೂರನೇ ಸಲ 17, ಎಲ್ಲವೂ ಬದುಕಿದ್ದವು. ಹುಟ್ಟಿದಾಗ ಹತ್ತಿರತ್ತಿರ 1 ಸೆಂಟಿಮೀಟರ್, ಉದ್ದ ಕೊಕ್ಕು ಇನ್ನೂ ಬಂದಿರುವುದಿಲ್ಲ. ದೊಡ್ಡ ಮೀನುಗಳು ತಿಂದುಬಿಡುತ್ತವೆ, ಆದ್ದರಿಂದ ಗಿಡದ ಬೇರಿನಲ್ಲಿ ಅಡಗಿದ ಮರಿಗಳನ್ನು ಬಲೆ ಹಾಕದೆ ಲೋಟದಲ್ಲಿ ನೀರಿನ ಸಮೇತ ಎತ್ತಿದೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಗಳನ್ನು ದಿನಕ್ಕೆ ಮೂರು ಸಲ ಕೊಟ್ಟೆ. ಕೆಲವು ವಾರ ಕಳೆದ ಮೇಲೆ ಒಂದೊಂದಕ್ಕೇ ಗಡ್ಡದ ಹಾಗೆ ಕೊಕ್ಕು ಮುಂದೆ ಬರತೊಡಗಿತು. ನಾನು ದಿನಾ ಲೆನ್ಸ್ ಹಿಡಿದು ನೋಡುತ್ತಿದ್ದೆ.

ಹೋದ ತಿಂಗಳು ಮಂಡ್ಯದ ಗೆಳೆಯರೊಬ್ಬರು ಆರು ಮರಿ ಕೇಳಿದರು. ಕವರಿನಲ್ಲಿ ಒಯ್ದರೆ ಕೊಕ್ಕು ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಮುಚ್ಚಳದ ಅಗಲ ಬಕೆಟಿನಲ್ಲಿ ಕಾಲು ಭಾಗ ಟ್ಯಾಂಕಿನ ನೀರು, ಒಂದು ಹಿಡಿ ಗಿಡ, ಸುತ್ತ ಕಪ್ಪು ಬಟ್ಟೆ. ಬೆಳಗಿನ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವರ ನೀರನ್ನು ಹತ್ತು ನಿಮಿಷಕ್ಕೊಂದು ಲೋಟದ ಹಾಗೆ ಒಂದೂವರೆ ಗಂಟೆ ಬೆರೆಸಿ ಆಮೇಲೆ ಬಿಟ್ಟೆವು. ಮಾರನೇ ದಿನ ಅವರು ಫೋನ್ ಮಾಡಿ, "ಆರೂ ಮೇಲೇ ಇವೆ ಸಾರ್, ಇರುವೆ ಹಾಕಿದ್ರೆ ಜಿಗಿದು ಹಿಡಿತಾವೆ" ಅಂದರು.