ಮರುಭೂಮಿಯ ಕಮರಿಗೆ ಇಳಿಯುವ ಮುನ್ನ ಕಲಿಯಬೇಕಾದದ್ದು

ಅಮೆರಿಕದ ಯೂಟಾ ಮತ್ತು ಅರಿಜೋನಾ ರಾಜ್ಯಗಳ ದೊಡ್ಡ ಭಾಗಗಳನ್ನು ಆವರಿಸಿರುವ ಕೊಲೊರಾಡೊ ಪ್ರಸ್ಥಭೂಮಿಯಲ್ಲಿ, ಮಳೆನೀರು ಮರಳುಗಲ್ಲನ್ನು ಲಕ್ಷಾಂತರ ವರ್ಷ ಕೊರೆದು ಮಾಡಿದ ಸೀಳುಗಳಿವೆ. ಇವುಗಳನ್ನು ಸ್ಲಾಟ್ ಕ್ಯಾನ್ಯನ್ ಎನ್ನುತ್ತಾರೆ. ಕೆಲವು ನೂರಾರು ಅಡಿ ಆಳವಾಗಿದ್ದು, ತಳದಲ್ಲಿ ಎರಡೂ ಭುಜ ಗೋಡೆಗೆ ಉಜ್ಜುವಷ್ಟು ಇಕ್ಕಟ್ಟಾಗಿರುತ್ತವೆ. ಬೆನ್ನಿಗೆ ಚೀಲ ಹೊತ್ತು ದಿನಗಟ್ಟಲೆ ನಡೆದು, ನಡೆಯಲಾಗದ ಕಡೆ ಹಗ್ಗ ಕಟ್ಟಿ ಇಳಿದು, ಇಂಥ ಕಮರಿಗಳನ್ನು ದಾಟುವ ವಿದ್ಯೆಯನ್ನು ಕ್ಯಾನ್ಯನೀರಿಂಗ್ ಎಂದು ಕರೆಯುತ್ತಾರೆ. ಇದನ್ನು ಕಲಿಯಲು ಬರುವವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಹಗ್ಗಕ್ಕೆ. ನನ್ನ ಅಭಿಪ್ರಾಯದಲ್ಲಿ ಹಗ್ಗ ಕೊನೆಗೆ ಬರಬೇಕು. ನೀರು, ನಕ್ಷೆ, ಮುಗಿಲು, ಪಾದ ಇವು ಮೊದಲು ಬರಬೇಕು. ಕಾರಣ ಸರಳವಾಗಿದೆ. ಬೆಟ್ಟ ಹತ್ತುವವನು ದಣಿದರೆ ಬಂದ ದಾರಿಯಲ್ಲೇ ಇಳಿದು ಮನೆಗೆ ಹೋಗಬಹುದು. ಕಮರಿಗೆ ಹೋಗುವವನಾದರೋ ಮೊದಲು ಇಳಿಯುತ್ತಾನೆ, ಮತ್ತು ಇಳಿದ ಮೇಲೆ ಹಗ್ಗವನ್ನು ಕೆಳಗೆ ಎಳೆದುಕೊಂಡ ಕ್ಷಣದಿಂದ ಅವನಿಗೆ ಹಿಂದಿನ ದಾರಿ ಇರುವುದಿಲ್ಲ. ಮುಂದೆ ಹೇಳುವ ಪ್ರತಿಯೊಂದು ಅಭ್ಯಾಸವೂ ಈ ಒಂದು ಸಂಗತಿಗೆ ಸಂಬಂಧಿಸಿದ್ದು.

ನೀರಿನಿಂದ ಆರಂಭಿಸೋಣ. ಹಿತವಾದ ಹವೆಯಲ್ಲಿಯೂ ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಬೇಕೆಂದು ಲೆಕ್ಕ ಹಾಕಬೇಕು. ಬಿಸಿಲು ಜೋರಾದರೆ ಅದೂ ಸಾಲದು. ಒಂದು ಲೀಟರ್ ನೀರಿನ ತೂಕ 1 ಕಿಲೋ ಆದ್ದರಿಂದ ಎರಡು ದಿನದ ನೀರೆಂದರೆ 8 ಕಿಲೋ, ಅದರ ಮೇಲೆ ಹಾಸಿಗೆ, ಆಹಾರ, ಹಗ್ಗ. ಹೀಗಾಗಿ ಮರುಭೂಮಿಯಲ್ಲಿ ನಡಿಗೆಯ ಯೋಜನೆ ಎಂದರೆ ಬಹುಪಾಲು ನೀರಿನ ಯೋಜನೆಯೇ ಆಗಿರುತ್ತದೆ: ಮುಂದಿನ ನೀರು ಎಲ್ಲಿ, ಅದು ಈ ತಿಂಗಳಲ್ಲಿ ಇರುವುದು ಖಚಿತವೇ, ಇಲ್ಲದಿದ್ದರೆ ಹಿಂದಿನ ನೀರಿನವರೆಗೆ ಮರಳಲು ಚೀಲದಲ್ಲಿ ಉಳಿದಿರುವುದು ಸಾಕೇ? ಮೂರನೆಯ ಪ್ರಶ್ನೆಗೆ ಹೌದು ಎನ್ನಲಾಗದ ಸ್ಥಳಕ್ಕೆ ತಲುಪುವ ಮೊದಲೇ ತಿರುಗಬೇಕು. ನೀರನ್ನು ಮಾತ್ರ ಕುಡಿಯುತ್ತ ಉಪ್ಪಿನಂಶದ ತಿನಿಸನ್ನು ಮರೆತರೆ ರಕ್ತದಲ್ಲಿ ಸೋಡಿಯಂ ಇಳಿದು, ನಿರ್ಜಲೀಕರಣದಂತೆಯೇ ತೋರುವ ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳುತ್ತವೆ. ಆಗ ಇನ್ನಷ್ಟು ನೀರು ಕುಡಿಸುವುದು ಅಪಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ಕುಡಿಯುವುದೂ ತಿನ್ನುವುದೂ ಜೊತೆಜೊತೆಯಾಗಿ ಸಾಗಬೇಕು.

ನೀರು ಹುಡುಕುವುದಕ್ಕೆ ಕಲ್ಲನ್ನು ಓದಲು ಕಲಿಯಬೇಕು. ಈ ಪ್ರದೇಶದ ನವಾಹೊ ಮರಳುಗಲ್ಲು ರಂಧ್ರಮಯವಾದದ್ದು. ಮಳೆನೀರು ಅದರೊಳಗೆ ನಿಧಾನವಾಗಿ ಇಳಿಯುತ್ತ, ಕೆಳಗಿರುವ ಕಯೆಂಟಾ ಪದರದಂಥ ನೀರು ಸುಲಭವಾಗಿ ಹಾಯದ ಪದರಕ್ಕೆ ತಾಗಿದಾಗ ಪಕ್ಕಕ್ಕೆ ಸರಿದು, ಬಂಡೆಯ ಬುಡದಲ್ಲಿ ಒಸರುತ್ತದೆ. ಎರಡು ಬಣ್ಣದ ಕಲ್ಲು ಸೇರುವ ಗೆರೆಯಲ್ಲಿ ಹಸಿರು ಕಂಡರೆ, ಅಥವಾ ಹಳ್ಳದ ತಿರುವಿನಲ್ಲಿ ಕಾಟನ್‌ವುಡ್ ಮರಗಳ ಸಾಲು ಕಂಡರೆ, ಅಲ್ಲಿ ಹೋಗಿ ನೋಡುವುದು ಸಾರ್ಥಕ. ಬಂಡೆಯ ಮೇಲಿನ ಗುಂಡಿಗಳಲ್ಲಿ ಮಳೆಯ ನಂತರ ನಿಲ್ಲುವ ನೀರನ್ನೂ ಬಳಸಬಹುದು. ಆದರೆ ಆ ಗುಂಡಿಗಳಲ್ಲಿ ಸಣ್ಣ ಸೀಗಡಿಯಂಥ ಜೀವಿಗಳು ಬದುಕುತ್ತವೆ, ಅವುಗಳ ಮೊಟ್ಟೆಗಳು ನೀರು ಬತ್ತಿದ ಮೇಲೂ ಮುಂದಿನ ಮಳೆಗಾಗಿ ಕಾಯುತ್ತವೆ. ಹಾಗಾಗಿ ಪಾತ್ರೆಯಿಂದ ಮೊಗೆದುಕೊಳ್ಳಬೇಕೇ ಹೊರತು ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ಅದ್ದಬಾರದು. ಹಳ್ಳದ ನೀರು ಕೆಂಪಗೆ ಕದಡಿದ್ದರೆ ರಾತ್ರಿ ಪಾತ್ರೆಯಲ್ಲಿ ತುಂಬಿಟ್ಟು, ಚಿಟಿಕೆ ಪಟಿಕದ ಪುಡಿ ಕದಡಿ ಬಿಡಿ. ಬೆಳಗ್ಗೆ ಕೆಸರು ತಳಕ್ಕೆ ಕೂತಿರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಸಿದು ಫಿಲ್ಟರ್‌ಗೆ ಹಾಕಬೇಕು; ಕದಡಿದ ನೀರನ್ನೇ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ನಡೆಯುವ ಹೊತ್ತು ಬೆಳಗಿನ ಜಾವ ಮತ್ತು ಸಂಜೆ. ನಡುಹಗಲು ನೆರಳಿನಲ್ಲಿ ಕಳೆಯಬೇಕು. ತೋಳು, ಕುತ್ತಿಗೆ ಮುಚ್ಚುವ ಸಡಿಲ ಬಟ್ಟೆ ಇರಲಿ. ರಾತ್ರಿ ಚಳಿ ಕಟುವಾಗಿರುವುದರಿಂದ ಬೆಚ್ಚನೆಯ ಬಟ್ಟೆಯೂ ಇರಲಿ. ಪಾದದಲ್ಲಿ ಬಿಸಿ ಎನಿಸಿದ ತಕ್ಷಣ ನಿಂತು, ಶೂ ಬಿಚ್ಚಿ, ಮರಳು ಕೊಡವಿ, ಆ ಜಾಗಕ್ಕೆ ಟೇಪ್ ಅಂಟಿಸಿಕೊಳ್ಳಬೇಕು. ಗುಳ್ಳೆ ಎದ್ದ ಮೇಲೆ ಮಾಡುವ ಉಪಚಾರಕ್ಕಿಂತ ಈ ಐದು ನಿಮಿಷಕ್ಕೆ ಬೆಲೆ ಹೆಚ್ಚು.

ನಕ್ಷೆಯ ವಿಷಯದಲ್ಲಿ ಒಂದು ಮಾತನ್ನು ವಿವರವಾಗಿ ಹೇಳಬೇಕು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಇಲಾಖೆಯ 1:24,000 ಪ್ರಮಾಣದ ನಕ್ಷೆಗಳಲ್ಲಿ ಸಮೋನ್ನತ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ, ಅಂತರ ಅನೇಕ ಕಡೆ 40 ಅಡಿ. ಅಂದರೆ ಎರಡು ರೇಖೆಗಳ ನಡುವೆ 30 ಅಡಿಯ ನೇರ ಪ್ರಪಾತ ಅಡಗಿ ಕುಳಿತಿದ್ದರೂ ನಕ್ಷೆ ಅದನ್ನು ತೋರಿಸದೆ ಇರಬಹುದು. ಕಾಗದದ ಮೇಲೆ ಸಲೀಸಾದ ಇಳಿಜಾರಿನಂತೆ ಕಾಣುವ ಜಾಗಕ್ಕೆ ಹೋಗಿ ನಿಂತಾಗ ಕಾಲ ಕೆಳಗೆ ಮೂರು ಅಂತಸ್ತಿನ ಎತ್ತರದ ಗೋಡೆ ಇರುವುದು ಇಲ್ಲಿ ಅಪರೂಪವಲ್ಲ. ಆದ್ದರಿಂದ ನಕ್ಷೆಯಿಂದ ದಾರಿಯನ್ನು ಊಹಿಸಬೇಕು, ಕಣ್ಣಿನಿಂದ ದೃಢಪಡಿಸಿಕೊಳ್ಳಬೇಕು, ದೃಢಪಡುವವರೆಗೆ ಮರಳುವ ದಾರಿಯನ್ನು ಬಿಟ್ಟುಕೊಡಬಾರದು. ಕಮರಿಯೊಳಗೆ ನಡೆಯುವಾಗ ಎಡಬಲದಿಂದ ಬಂದು ಸೇರುವ ಪ್ರತಿಯೊಂದು ಕವಲನ್ನೂ ಎಣಿಸುತ್ತ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುವುದು, ಪ್ರತಿ ಸಂಗಮದಲ್ಲಿ ಒಮ್ಮೆ ಹಿಂದಿರುಗಿ ನೋಡಿ ಅದು ಆ ಕಡೆಯಿಂದ ಹೇಗೆ ಕಾಣುತ್ತದೆ ಎಂದು ನೆನಪಿಟ್ಟುಕೊಳ್ಳುವುದು ಒಳ್ಳೆಯ ರೂಢಿ. ಇಕ್ಕಟ್ಟಿನ ಸೀಳಿನಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಜಿಪಿಎಸ್ ತಪ್ಪು ತೋರಿಸುತ್ತದೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಕ್ಕೂ ಸಂಪರ್ಕ ಸಿಗದೆ ಹೋಗಬಹುದು.

ಇದೇ ಕಾರಣಕ್ಕೆ ಹೊರಡುವ ಮುನ್ನ, ಯಾವ ಕಮರಿ, ವಾಹನ ಎಲ್ಲಿ ನಿಲ್ಲಿಸುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ, ಎಷ್ಟು ಹೊತ್ತು ಕಾದು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆದು ನಂಬಿಕಸ್ಥರ ಕೈಯಲ್ಲಿ ಕೊಡಬೇಕು. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್ಸ್‌ಟನ್ ಯೂಟಾದ ಬ್ಲೂಜಾನ್ ಕಮರಿಗೆ ಯಾರಿಗೂ ಹೇಳದೆ ಒಬ್ಬನೇ ಇಳಿದಾಗ, ಗೋಡೆಗಳ ನಡುವೆ ಸಿಕ್ಕಿಕೊಂಡಿದ್ದ ಬಂಡೆಯೊಂದು ಕಳಚಿ ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನ ಕಳೆದ ಮೇಲೆ ತನ್ನ ಮುಂಗೈಯನ್ನು ತಾನೇ ಕತ್ತರಿಸಿಕೊಂಡು ಅವನು ಹೊರಬಂದ. ಅವನಿಗೆ ಕೌಶಲದ ಕೊರತೆಯಿರಲಿಲ್ಲ. ಎಲ್ಲಿ ಹುಡುಕಬೇಕೆಂದು ತಿಳಿದವರು ಯಾರೂ ಇರಲಿಲ್ಲ.

ಮುಗಿಲಿನ ವಿಚಾರದಲ್ಲಿ ಯಾವ ರಾಜಿಯೂ ಸಲ್ಲದು. ಈ ಭಾಗದಲ್ಲಿ ಸುಮಾರು ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆಯ ಕಾಲ. ಜೋರಾಗಿ ಸುರಿವ ಮಳೆಯನ್ನು ಬೋಳು ಬಂಡೆ ಅಷ್ಟು ಬೇಗ ಹೀರಲಾರದು. ವಿಶಾಲವಾದ ಬಯಲಿನ ಮೇಲೆ ಬಿದ್ದ ಮಳೆಯೆಲ್ಲ ಒಂದೇ ಸೀಳಿಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಲೋಪ್ ಕಮರಿಯಲ್ಲಿ 11 ಜನ ಕೊಚ್ಚಿಹೋದದ್ದು ಹಲವು ಮೈಲಿ ಆಚೆ ಸುರಿದ ಮಳೆಯಿಂದ. 2015ರ ಸೆಪ್ಟೆಂಬರ್ 14ರಂದು ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕಮರಿಗೆ ಇಳಿದ ಏಳು ಜನರ ತಂಡದಲ್ಲಿ ಒಬ್ಬರೂ ಉಳಿಯಲಿಲ್ಲ. ಆದ್ದರಿಂದ ನಿಮ್ಮ ತಲೆಯ ಮೇಲಿನ ಆಕಾಶವನ್ನಷ್ಟೇ ನೋಡಿ ಹೊರಡಬೇಡಿ. ಕಮರಿಗೆ ನೀರು ಹರಿದು ಬರುವ ಇಡೀ ಜಲಾನಯನ ಪ್ರದೇಶವನ್ನು ನಕ್ಷೆಯಲ್ಲಿ ಪೆನ್ಸಿಲಿನಿಂದ ಸುತ್ತಿ ಗುರುತಿಸಿ, ಆ ಇಡೀ ಪ್ರದೇಶದ ಮುನ್ಸೂಚನೆಯನ್ನು ನೋಡಿ. ರಾಷ್ಟ್ರೀಯ ಹವಾಮಾನ ಸೇವೆ ಈ ಉದ್ಯಾನಗಳಿಗೆಂದೇ ದಿಢೀರ್ ಪ್ರವಾಹದ ಸಂಭವವನ್ನು ಪ್ರಕಟಿಸುತ್ತದೆ. ಒಳಗೆ ಇಳಿದ ಮೇಲೆ ತಲೆಗಿಂತ ಎಷ್ಟೋ ಎತ್ತರದಲ್ಲಿ ಗೋಡೆಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿರುವ ಮರದ ದಿಮ್ಮಿ ಕಾಣಿಸಿದರೆ, ಅದನ್ನು ಅಲ್ಲಿಗೆ ತಂದಿಟ್ಟದ್ದು ನೀರು ಎಂಬುದನ್ನು ಗಮನಿಸಿ. ತಿಳಿಯಾಗಿದ್ದ ನೀರು ಥಟ್ಟನೆ ಕದಡಿದರೆ, ಕಡ್ಡಿಕಸ ತೇಲಿ ಬಂದರೆ, ಮೇಲಿನಿಂದ ಮೊರೆತ ಕೇಳಿದರೆ, ಸಾಮಾನನ್ನು ಬಿಟ್ಟು ಎತ್ತರಕ್ಕೆ ಏರಬೇಕು. ಬತ್ತಿದ ಹಳ್ಳದ ಮರಳು ಎಷ್ಟೇ ಮೆತ್ತಗಿದ್ದರೂ ಅಲ್ಲಿ ಮಲಗಬಾರದು. ಮಳೆಯಲ್ಲಿ ನೆನೆದ ಮರಳುಗಲ್ಲು ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದರಿಂದ ಅದು ಒಣಗುವವರೆಗೆ, ಅಂದರೆ ಒಂದೆರಡು ದಿನವಾದರೂ, ಅದರ ಅಂಚುಗಳಿಗೆ ಮೈಭಾರ ಹಾಕಬಾರದು.

ಇಷ್ಟನ್ನು ಹಲವು ನಡಿಗೆಗಳಲ್ಲಿ ರೂಢಿಸಿಕೊಂಡವರು ಕಮರಿಯ ಶ್ರೇಣಿಗಳನ್ನು ಅರ್ಥ ಮಾಡಿಕೊಳ್ಳಬೇಕು. ಅಮೆರಿಕದಲ್ಲಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಒಂದು ಕಮರಿಯನ್ನು 3ಬಿ III ಎಂಬಂತೆ ಬರೆಯುತ್ತಾರೆ. ಮೊದಲ ಅಂಕಿ ಕಷ್ಟದ ಮಟ್ಟ: 1 ಎಂದರೆ ನಡಿಗೆ, 2 ಎಂದರೆ ಕೈಯೂರಿ ಹತ್ತಿಳಿಯುವುದು, 3 ಎಂದರೆ ಹಗ್ಗ ಬೇಕೇಬೇಕು, 4 ಎಂದರೆ ನುರಿತವರಿಗೆ ಮಾತ್ರ. ನಡುವಿನ ಅಕ್ಷರ ನೀರಿನದು: ಎ ಎಂದರೆ ಒಣಗಿದ್ದು ಅಥವಾ ಅತ್ಯಲ್ಪ ನೀರಿನದು, ಬಿ ಎಂದರೆ ಈಜಬೇಕಾದ ನಿಂತ ನೀರು, ಸಿ ಎಂದರೆ ಹರಿಯುವ ಸೆಳೆತ. ಕೊನೆಯ ರೋಮನ್ ಅಂಕಿ ಹಿಡಿಯುವ ಕಾಲ. I ಕೆಲವು ಗಂಟೆ, III ದಿನದ ಹೆಚ್ಚಿನ ಭಾಗ, VI ಎರಡು ದಿನ ಅಥವಾ ಇನ್ನೂ ಹೆಚ್ಚು. ಹೊಸಬರು 2ಎ ಕಮರಿಗಳಿಂದ ಆರಂಭಿಸಿ, ಅನುಭವಿಗಳ ಜೊತೆಯಲ್ಲಿ 3ಎಗೆ ಹೋಗುವುದು ಸೂಕ್ತ. ನೀರಿನ ಅಕ್ಷರವನ್ನು ಹಗುರವಾಗಿ ಕಾಣಬಾರದು. ಬಿಸಿಲೇ ತಾಗದ ಸೀಳಿನೊಳಗಿನ ನೀರು ಕಡುಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿದ್ದು, ಹೊರಗೆ ಸುಡು ಬಿಸಿಲಿರುವ ದಿನವೇ ಒಳಗೆ ನೀರಿನ ಚಳಿ ತಡೆಯುವ ವೆಟ್‌ಸೂಟ್ ಉಡುಪು ಇಲ್ಲದವರ ದೇಹದ ಶಾಖ ಅಪಾಯಕರವಾಗಿ ಇಳಿಯಬಲ್ಲದು.

ಕಮರಿಯಲ್ಲಿ ಹಗ್ಗಕ್ಕಿಂತ ಹೆಚ್ಚು ಹೊತ್ತು ಬಳಕೆಯಾಗುವುದು ಕೈಕಾಲು. ಒಂದು ಗೋಡೆಗೆ ಬೆನ್ನು, ಎದುರು ಗೋಡೆಗೆ ಪಾದ ಒತ್ತಿ ಇಳಿಯುವುದು, ಸೀಳು ಅಗಲವಾದರೆ ಎರಡು ಗೋಡೆಗೆ ಒಂದೊಂದು ಕಾಲು ಕೊಟ್ಟು ಸಾಗುವುದು, ಮೊದಲು ಇಳಿದವರು ಕೆಳಗೆ ನಿಂತು ಮುಂದಿನವರ ಪಾದಕ್ಕೆ ಭುಜ ಕೊಡುವುದು, ಇವೆಲ್ಲವನ್ನೂ ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ನೂರು ಸಲ ಮಾಡಿ ಮೈಗೂಡಿಸಿಕೊಳ್ಳಬೇಕು. ಜಿಗಿಯಬಾರದು. ಮರಳಿನಡಿ ಕಲ್ಲಿದೆಯೋ ಇಲ್ಲವೋ ಮೇಲಿನಿಂದ ತಿಳಿಯದು, ಮತ್ತು ಕಾಲುಗಂಟು ಮುರಿದವರನ್ನು ಇಕ್ಕಟ್ಟಿನಿಂದ ಹೊರಗೆ ಸಾಗಿಸುವುದಕ್ಕೆ ದಿನವೇ ಹಿಡಿಯಬಹುದು. ಬಂಡೆಯಲ್ಲಿ ಕೊರೆದ ಆಳವಾದ ಗುಂಡಿಗಳ ಬಗೆಗೂ ಎಚ್ಚರ ಬೇಕು. ಅಂಚಿನವರೆಗೆ ತುಂಬಿದ ಗುಂಡಿಯನ್ನು ಈಜಿ ಆಚೆ ಹತ್ತಬಹುದು. ಅದೇ ಗುಂಡಿಯಲ್ಲಿ ನೀರು ಆಳುದ್ದ ಇಳಿದಿದ್ದರೆ, ಪಾಚಿ ಹಿಡಿದ ನುಣುಪು ಗೋಡೆಯಿಂದಾಗಿ ಸಂಗಡಿಗರ ನೆರವಿಲ್ಲದೆ ಮೇಲೆ ಬರಲಾಗದು.

ಈಗ ಹಗ್ಗ. ಇದನ್ನು ಬರಹದಿಂದ ಕಲಿಯಲಾಗದು. ತರಬೇತಿ ಪಡೆದ ಬೋಧಕರ ಬಳಿ, ಬೆಳಕಿರುವ ತೆರೆದ ಬಂಡೆಯ ಮೇಲೆ ಕೆಲವು ದಿನ ಅಭ್ಯಾಸ ಮಾಡಲೇಬೇಕು. ಆ ಅಭ್ಯಾಸದಲ್ಲಿ ಏನನ್ನು ಗಮನಿಸಬೇಕೆಂದು ಮಾತ್ರ ಇಲ್ಲಿ ಹೇಳುತ್ತೇನೆ. ಹಿಂದಿನವರು ಹಗ್ಗಕ್ಕೆ ಆಧಾರವಾಗಿ ಬಂಡೆಗೆ ಸುತ್ತಿ ಬಿಟ್ಟುಹೋದ ವೆಬ್ಬಿಂಗ್ ಎಂಬ ಚಪ್ಪಟೆ ನೂಲಿನ ಪಟ್ಟಿ ಸಿಕ್ಕರೆ ಅದನ್ನು ಹಾಗೆಯೇ ನಂಬಬೇಡಿ. ಅದನ್ನು ನಿಧಾನವಾಗಿ ತಿರುಗಿಸುತ್ತ, ಬಂಡೆಯ ಹಿಂಬದಿಯಲ್ಲಿ ಅಡಗಿದ್ದ ಭಾಗ ಸಹ ಕಣ್ಣೆದುರು ಬರುವಂತೆ ಪೂರ್ತಿ ನೋಡಿ. ಬಿಸಿಲಿಗೆ ಬಣ್ಣ ಮಾಸಿ ಗಡುಸಾಗಿದೆಯೇ, ಅಂಚಿನಲ್ಲಿ ನೂಲು ಎದ್ದಿದೆಯೇ, ಇಲಿ ಕಡಿದಿದೆಯೇ ಎಂದು ಬೆರಳಿನಿಂದ ಸವರಿ ಪರೀಕ್ಷಿಸಿ. ಗಂಟಿನ ಎರಡೂ ಬಾಲಗಳು ಕನಿಷ್ಠ 3 ಇಂಚು ಹೊರಗಿರಬೇಕು, ಏಕೆಂದರೆ ಪಟ್ಟಿಗೆ ಹಾಕುವ ವಾಟರ್ ನಾಟ್ ಎಂಬ ಗಂಟು ಭಾರ ಬಿದ್ದು ಎದ್ದಂತೆಲ್ಲ ಕೂದಲೆಳೆಯಷ್ಟು ಜಾರುತ್ತ ಹೋಗುತ್ತದೆ. ಇಳಿದ ಮೇಲೆ ಕೆಳಗಿನಿಂದ ಒಂದು ಬದಿಯನ್ನು ಎಳೆದು ಬಿಡಿಸಿಕೊಳ್ಳಲು ಆಗುವಂತೆ ಹಗ್ಗವನ್ನು ಈ ಆಧಾರದಲ್ಲಿ ಹಾಯಿಸಿರುತ್ತಾರೆ; ಆದರೆ ಅದು ಪಟ್ಟಿಯ ಮೂಲಕ ನೇರವಾಗಿ ಹಾಯಬಾರದು. ಎಳೆಯುವಾಗಿನ ಉಜ್ಜಾಟದ ಬಿಸಿಗೆ ಪಟ್ಟಿ ಕರಗುತ್ತದೆ. ನಡುವೆ ಲೋಹದ ಕೊಂಡಿ ಇರಬೇಕು. ಸಂಶಯ ಬಂದರೆ ಹಳೆಯದನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಂಡು, ಹೊಸದನ್ನು ಕಟ್ಟಬೇಕು.

ಅಂಚಿನಿಂದ ಹಿಂದಕ್ಕೆ ವಾಲುವ ಮುನ್ನ ಸೊಂಟಕ್ಕೆ ಕಟ್ಟುವ ಹಾರ್ನೆಸ್‌ನ ಬಕಲ್, ಕ್ಯಾರಬಿನರ್ ಎಂಬ ಲೋಹದ ಕೊಕ್ಕೆಯ ಬೀಗ, ಇಳಿಯುವ ಸಾಧನದೊಳಗೆ ಹಗ್ಗ ಹಾದಿರುವ ರೀತಿ, ಸಾಧನಕ್ಕೆ ಸಿಲುಕಬಹುದಾದ ಕೂದಲು ಬಟ್ಟೆ, ಇವನ್ನು ನೀವು ಒಮ್ಮೆ, ಸಂಗಡಿಗರು ಒಮ್ಮೆ ಮುಟ್ಟಿ ನೋಡಬೇಕು. ಮೊದಲು ಇಳಿದವರು ಕೆಳಗೆ ಹಗ್ಗದ ತುದಿ ಹಿಡಿದು ನಿಂತು, ಮೇಲಿನವರ ಕೈ ಜಾರಿದರೆ ಬಿಗಿಯಾಗಿ ಎಳೆದು ಅವರನ್ನು ನಿಲ್ಲಿಸಲು ಸಿದ್ಧರಿರಬೇಕು. ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ ಪ್ರೂಸಿಕ್ ಗಂಟಿನ ಕುಣಿಕೆಗಳಿಂದ ಹಗ್ಗದ ಮೇಲೆ ಏರುವುದನ್ನು ಇಳಿಯುವುದಕ್ಕಿಂತ ಮೊದಲೇ ಕಲಿಯಿರಿ, ಏಕೆಂದರೆ ಸಿಲುಕಿದಾಗ ಉಳಿಯುವ ಏಕೈಕ ದಾರಿ ಅದೇ ಆಗಬಹುದು.

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆಯನ್ನು ಹೊಸಬರು ಮರೆಯುವುದೇ ಹೆಚ್ಚು. ಕೊನೆಯವರು ಇನ್ನೂ ಮೇಲಿರುವಾಗಲೇ, ಕೆಳಗಿನವರು ಎಳೆಯುವ ಬದಿಯ ಹಗ್ಗವನ್ನು ಕೆಲವು ಅಡಿ ಎಳೆದು ನೋಡಬೇಕು. ಅದು ಬಿಗಿಯಾಗಿ ಕಚ್ಚಿಕೊಂಡರೆ, ಕೊಂಡಿಯನ್ನು ಅಂಚಿನ ಆಚೆಗೆ ಬರುವಂತೆ ಪಟ್ಟಿಯನ್ನು ಉದ್ದ ಮಾಡಲು ಮೇಲೆ ಇನ್ನೂ ಒಬ್ಬರಿದ್ದಾರೆ. ಎಲ್ಲರೂ ಇಳಿದ ಮೇಲೆ ಅದು ತಿಳಿದರೆ ಸರಿಪಡಿಸುವವರಿಲ್ಲ. ಹಗ್ಗ ಪೂರ್ತಿ ಎಳೆಯುವ ಮುನ್ನ ಒಂದು ನಿಮಿಷ ನಿಂತು ಎಲ್ಲರಿಗೂ ಕೇಳುವಂತೆ ಲೆಕ್ಕ ಒಪ್ಪಿಸಬೇಕು: ಹೊತ್ತು ಎಷ್ಟಾಗಿದೆ, ನೀರು ಎಷ್ಟಿದೆ, ಮುಗಿಲು ಹೇಗಿದೆ, ಮುಂದಿನ ಇಳಿತಗಳಿಗೆ ಹಗ್ಗ ಸಾಲುತ್ತದೆಯೇ, ಯಾರಾದರೂ ನಡುಗುತ್ತಿದ್ದಾರೆಯೇ? ಒಬ್ಬರಿಗೆ ಅಳುಕಿದ್ದರೂ, ಹಗ್ಗ ಇನ್ನೂ ಮೇಲಿನಿಂದ ಇಳಿಬಿದ್ದಿರುವಾಗಲೇ ಅದನ್ನು ಹೇಳಲು ಅವಕಾಶವಿರಬೇಕು.

ನೆಲದ ಬಗೆಗೆ ಎರಡು ಮಾತು. ಕಪ್ಪಗೆ ಉಬ್ಬುಬ್ಬಾಗಿ ಕಾಣುವ ಮಣ್ಣಿನ ಹೊರಪದರ ಸಯನೋಬ್ಯಾಕ್ಟೀರಿಯಾ, ಪಾಚಿ, ಕಲ್ಲುಹೂಗಳಿಂದಾದ ಜೀವಂತ ಪದರ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಬೆಳೆಯಲು ದಶಕಗಳೇ ಬೇಕಾಗಬಹುದು. ಬೋಳು ಬಂಡೆಯ ಮೇಲೆ ಅಥವಾ ಹಳ್ಳದ ಮರಳಿನಲ್ಲಿ ನಡೆಯಿರಿ. ಇಕ್ಕಟ್ಟಿನ ಕಮರಿಯೊಳಗೆ ಮಲವನ್ನು ಹೂಳಲು ಜಾಗವಿಲ್ಲದ್ದರಿಂದ ಅದಕ್ಕೆಂದೇ ಸಿಗುವ ಚೀಲದಲ್ಲಿ ಹೊತ್ತು ತರಬೇಕು. ಝಯಾನ್‌ನಲ್ಲಿ ಹಗ್ಗ ಬೇಕಾಗುವ ಕಮರಿಗಳಿಗೆ ಪರವಾನಗಿ ಕಡ್ಡಾಯ. ಅದನ್ನು ಪಡೆಯಲು ಹೋದಾಗ ಅಂದಿನ ನೀರು ಮತ್ತು ಹವೆಯ ಸ್ಥಿತಿಯನ್ನು ಅಲ್ಲಿನ ಸಿಬ್ಬಂದಿಯಿಂದ ವಿಚಾರಿಸಿ ತಿಳಿದುಕೊಳ್ಳಿ.

ಮರಳಿ ಬಂದ ಸಂಜೆಯೇ ಹಗ್ಗವನ್ನು ಸ್ವಚ್ಛ ನೀರಿನಲ್ಲಿ ಅದ್ದಿ, ಹೊರಳಿಸಿ, ಮರಳು ಬಿಡುವವರೆಗೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಒಳಗೆ ಉಳಿದ ಮರಳಿನ ಕಣ ನೂಲನ್ನು ಒಳಗಿನಿಂದಲೇ ಸವೆಸುತ್ತದೆ. ಒಣಗಿದ ಮೇಲೆ ಇಡೀ ಹಗ್ಗವನ್ನು ಬೆರಳುಗಳ ನಡುವೆ ಹಾಯಿಸಿ, ಮೆತ್ತಗಾದ ಅಥವಾ ಚಪ್ಪಟೆಯಾದ ಜಾಗ ತುದಿಯ ಹತ್ತಿರ ಸಿಕ್ಕರೆ ಅಲ್ಲಿಗೆ ಕತ್ತರಿಸಿ, ಉಳಿದದ್ದನ್ನು ಹೊಸದಾಗಿ ಅಳೆದು, ಆ ಅಳತೆಯನ್ನು ಹಗ್ಗದ ಎರಡೂ ತುದಿಗೆ ಬರೆದಿಡಬೇಕು.