ವರಾಂಡದ ಗೋಡೆಯ ಮೇಲೆ 1896

ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುವ ನನಗೆ ಒಂದು ಕೊರಗು ಬಹಳ ದಿನಗಳಿಂದ ಇತ್ತು. ಆಫ್ರಿಕಾ ಒಂದು ಪಾಠ, ಯುರೋಪ್ ಇನ್ನೊಂದು, ವಿಜ್ಞಾನದ ಶೋಧಗಳಿಗೆ ಬೇರೆಯದೇ ಪುಸ್ತಕ. ಇವೆಲ್ಲ ಒಂದೇ ಕಾಲದಲ್ಲಿ ನಡೆದವು ಎಂಬುದು ಮಕ್ಕಳಿಗೆ ಹೊಳೆಯುವುದೇ ಇಲ್ಲ. ಅದಕ್ಕೆ ಒಂದೇ ವರ್ಷವನ್ನು ಹಿಡಿದು ದಿನಾಂಕವಾರು ಜೋಡಿಸೋಣ ಎಂದೆ. ಧಾರವಾಡದ ನಮಗೆ 1896 ಬೇಂದ್ರೆಯವರು ಹುಟ್ಟಿದ ವರ್ಷ. ಜನವರಿ 31ರ ಚೀಟಿಯನ್ನೇ ಮೊದಲು ಅಂಟಿಸಿದೆವು.

ತಿಂಗಳಿಗೊಂದರಂತೆ ಹನ್ನೆರಡು ಡ್ರಾಯಿಂಗ್ ಹಾಳೆ, ಮಗುವಿಗೊಂದು ಘಟನೆ. ಎರಡು ಕಡೆ ಒಂದೇ ದಿನಾಂಕ ಸಿಕ್ಕಿದ ಮೇಲೆಯೇ ಅಂಟಿಸಬೇಕು, ಇಷ್ಟೇ ಕಟ್ಟಳೆ.

ಕಟ್ಟಳೆ ಮೊದಲ ವಾರವೇ ತೊಡಕಿಗೆ ಸಿಕ್ಕಿತು. ಅಥೆನ್ಸ್‌ನ ಒಲಿಂಪಿಕ್ಸ್ ಆರಂಭಕ್ಕೆ ಒಬ್ಬ ಹುಡುಗಿ ಮಾರ್ಚ್ 25 ಎಂದು ಬರೆದು ತಂದಳು. ಏಪ್ರಿಲ್ 6 ಎಂದು ನಾನು ತಿದ್ದಿದೆ. ಮರುದಿನ ಅವಳು ಪುಸ್ತಕವನ್ನೇ ತಂದು ಮುಂದಿಟ್ಟಳು. ಆಗಿನ ಗ್ರೀಸ್‌ನಲ್ಲಿ ಹಳೆಯ ಜೂಲಿಯನ್ ಪಂಚಾಂಗವಿತ್ತು, ನಮ್ಮ ಲೆಕ್ಕಕ್ಕಿಂತ ಹನ್ನೆರಡು ದಿನ ಹಿಂದೆ. ಅವಳು ಬರೆದದ್ದು ಸರಿಯೇ ಇತ್ತು. ತರಗತಿಯ ಎದುರಿನಲ್ಲೇ ಅವಳಲ್ಲಿ ಕ್ಷಮೆ ಕೇಳಿದೆ. ಅಂದಿನಿಂದ ಪ್ರತಿ ಚೀಟಿಯ ಮೂಲೆಯಲ್ಲೂ ಯಾವ ಪಂಚಾಂಗ ಎಂದು ಬರೆಸುತ್ತೇನೆ.

ನನ್ನನ್ನೇ ಬೆರಗಾಗಿಸಿದ್ದು ಮಾರ್ಚ್ 1, ಭಾನುವಾರ. ಪ್ಯಾರಿಸ್‌ನಲ್ಲಿ ಮೋಡ ಮುಸುಕಿದ್ದರಿಂದ ಭೌತವಿಜ್ಞಾನಿ ಹೆನ್ರಿ ಬೆಕೆರೆಲ್ ಬಿಸಿಲಿನಲ್ಲಿಟ್ಟು ಪರೀಕ್ಷಿಸಬೇಕಿದ್ದ ಯುರೇನಿಯಂ ಲವಣವನ್ನೂ ಛಾಯಾಚಿತ್ರದ ಫಲಕಗಳನ್ನೂ ಡ್ರಾಯರಿನಲ್ಲಿ ಎತ್ತಿಟ್ಟಿದ್ದ. ಆ ದಿನ ಫಲಕ ತೊಳೆದರೆ, ಬಿಸಿಲೇ ಬೀಳದಿದ್ದರೂ ಅಚ್ಚು ಕಡುವಾಗಿ ಮೂಡಿತ್ತು. ವಿಕಿರಣಶೀಲತೆ, ಅಂದರೆ ಕೆಲವು ವಸ್ತುಗಳು ತಾವಾಗಿಯೇ ಕಿರಣ ಹೊಮ್ಮಿಸುವ ಗುಣ, ಗೊತ್ತಾದದ್ದು ಹೀಗೆ. ಅದೇ ಭಾನುವಾರ ಅಡ್ವಾದಲ್ಲಿ ಇಥಿಯೋಪಿಯಾದ ಎರಡನೆಯ ಮೆನೆಲಿಕ್‌ನ ಸೈನ್ಯ ಇಟಲಿಯ ಸೈನ್ಯವನ್ನು ಸೋಲಿಸಿತು. ಎರಡು ಚೀಟಿಗಳೂ ಅಕ್ಕಪಕ್ಕ ಬಂದಾಗ ಮಕ್ಕಳು ಗೋಡೆಯ ಮುಂದೆ ಸುಮ್ಮನೆ ನಿಂತುಬಿಟ್ಟರು.

ಅಡ್ವಾಕ್ಕೆ ಒಂದು ಪೂರ್ತಿ ಅವಧಿ ಕೊಟ್ಟೆ. ಜಗಳದ ಬೇರು 1889ರ ವುಚಾಲೆ ಒಪ್ಪಂದದಲ್ಲಿದೆ. ಹೊರದೇಶಗಳೊಡನೆ ವ್ಯವಹರಿಸಲು ಇಥಿಯೋಪಿಯಾ ಇಟಲಿಯ ನೆರವು ಪಡೆಯಬಹುದು ಎಂದು ಅಲ್ಲಿನ ಭಾಷೆಯಾದ ಅಮ್ಹಾರಿಕ್‌ನ ಪ್ರತಿ ಹೇಳುತ್ತಿತ್ತು, ಪಡೆಯಲೇಬೇಕು ಎಂದು ಇಟಾಲಿಯನ್ ಪ್ರತಿ. ಕಪ್ಪು ಹಲಗೆಯ ಮೇಲೆ ‘ಬಹುದು’, ‘ಬೇಕು’ ಎಂದು ಎರಡೇ ಪದ ಬರೆದೆ. ವ್ಯಾಕರಣ ಪಾಠದಲ್ಲಿ ಆಕಳಿಸುವ ಹುಡುಗರೂ ಅಂದು ಕಣ್ಣರಳಿಸಿ ಕೂತಿದ್ದರು.

ಜೂನ್ 15ರ ಚೀಟಿ ಓದುವಾಗ ಮಾತ್ರ ನನ್ನ ಗಂಟಲು ಕಟ್ಟಿತು. ಜಪಾನಿನ ಸನ್ರಿಕು ಕರಾವಳಿಯಲ್ಲಿ ಅಂದು ಹಬ್ಬ. ಭೂಮಿ ಮೆಲ್ಲಗೆ ನಡುಗಿದ್ದನ್ನು ಜನ ಲಕ್ಷಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬಂದ ಸುನಾಮಿ ಸುಮಾರು 22,000 ಜನರನ್ನು ಕೊಂಡೊಯ್ದಿತು. ದೂರದ ಕಡಲಿನಲ್ಲಿದ್ದ ಮೀನುಗಾರರ ದೋಣಿಗಳ ಕೆಳಗೇ ಅಲೆ ಹಾದುಹೋಗಿತ್ತು, ಅವರಿಗೆ ತಿಳಿಯಲೇ ಇಲ್ಲ. ಬೆಳಿಗ್ಗೆ ದಡಕ್ಕೆ ಮರಳಿದರೆ ಊರೇ ಇಲ್ಲ.

ಬೊಂಬಾಯಿಗೆ ಎರಡು ಚೀಟಿ. ಜುಲೈ 7ರಂದು ವ್ಯಾಟ್ಸನ್ಸ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರ ಪ್ರದರ್ಶನ. ಸೆಪ್ಟೆಂಬರಿನಲ್ಲಿ ಅದೇ ನಗರದ ಮಾಂಡವಿಯಲ್ಲಿ ವೈದ್ಯ ವಿಯೇಗಸ್ ಪ್ಲೇಗನ್ನು ಗುರುತಿಸಿದರು.

ಡಿಸೆಂಬರ್ ಮುಗಿದರೂ ಪ್ಲೇಗ್ ಮುಗಿಯಲಿಲ್ಲ. ಹುಬ್ಬಳ್ಳಿ–ಧಾರವಾಡದ ಕಡೆಗೆ ಹಬ್ಬಿತು, 1898ರಲ್ಲಿ ಬೆಂಗಳೂರಿಗೂ ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದರೆಂದು ತನ್ನ ಅಜ್ಜಿ ಹೇಳಿದ್ದನ್ನು ಒಬ್ಬ ಹುಡುಗ ಬರೆದುಕೊಂಡು ಬಂದ. ಅದನ್ನು ಎಲ್ಲಿ ಅಂಟಿಸಬೇಕು ಎಂದು ಕೇಳಿದ. ಗೋಡೆಯಲ್ಲಿ ಜಾಗವಿರಲಿಲ್ಲ. ತಿರುವಿನಾಚೆ, ನೀರಿನ ನಲ್ಲಿಯ ಪಕ್ಕದಲ್ಲಿ ಹದಿಮೂರನೆಯ ಹಾಳೆ ಅಂಟಿಸಿದೆವು.