ಮಾತ್ರೆ ಒಗ್ಗದಿದ್ದಾಗ ಏನು ಮಾಡಬೇಕು?

ಅಮ್ಮನಿಗೆ ಬಿಪಿ ಇದೆ ಎಂದು ಗೊತ್ತಾದಾಗ ಡಾಕ್ಟರು ಎನಲಾಪ್ರಿಲ್ ಬರೆದುಕೊಟ್ಟರು. ಬಿಪಿ ಹತೋಟಿಗೆ ಬಂತು. ಮೂರು ವಾರ ಕಳೆದ ಮೇಲೆ ಕೆಮ್ಮು ಹತ್ತಿಕೊಂಡಿತು. ಜ್ವರವಿಲ್ಲ, ಕಫವಿಲ್ಲ, ಬರೀ ಒಣಕೆಮ್ಮು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಸಾಕು, ಗಂಟಲಲ್ಲಿ ಕೆರೆತ ಶುರು. ಮೆಣಸು–ಶುಂಠಿ ಕಷಾಯ ಆಯಿತು. ಎರಡು ಬಾಟಲಿ ಸಿರಪ್ ಆಯಿತು. ಎದೆಯ ಎಕ್ಸ್‌ರೇ ಕೂಡ ಆಯಿತು, ಅದರಲ್ಲಿ ಏನೂ ಇರಲಿಲ್ಲ. ಪಕ್ಕದ ಮನೆಯವರು ಹೇಳಿದರೆಂದು ಜ್ಯೇಷ್ಠಮಧುವಿನ ತುಂಡನ್ನು ದಿನವಿಡೀ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಎರಡೂವರೆ ತಿಂಗಳಾದ ಮೇಲೆ, ಬೇರೇನೋ ಕಾರಣಕ್ಕೆ ತೋರಿಸಲು ಹೋದಾಗ, ಕಿರಿಯ ಡಾಕ್ಟರೊಬ್ಬರು ಕೇಳಿದರು: ‘ಅಜ್ಜಿ, ಬಿಪಿಗೆ ಯಾವ ಮಾತ್ರೆ ತಗೋತೀರಾ?’

ಮಾತ್ರೆ ಬದಲಾಯಿತು. ಮೂರು ವಾರದಲ್ಲಿ ಕೆಮ್ಮು ನಿಂತಿತು.

ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಹೀಗೆ ಒಣಕೆಮ್ಮು ಬರುತ್ತದೆ. ಬ್ರಾಡಿಕೈನಿನ್ ಎಂಬ ವಸ್ತು ನಮ್ಮ ದೇಹದಲ್ಲಿ ಹುಟ್ಟುತ್ತಲೂ ಕರಗುತ್ತಲೂ ಇರುತ್ತದೆ. ಈ ಮಾತ್ರೆಗಳು ಅದು ಕರಗದಂತೆ ತಡೆಯುತ್ತವೆ. ಉಳಿದುಹೋದದ್ದು ಶ್ವಾಸನಾಳವನ್ನು ಕೆರಳಿಸುತ್ತದೆ. ಇದು ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇರುವ ಸಂಗತಿ. ಜ್ಯೇಷ್ಠಮಧುವನ್ನು ಹೆಚ್ಚು ದಿನ ತಿಂದರೆ ಬಿಪಿ ಏರುತ್ತದೆ ಎಂಬುದೂ ಇದೆ. ಬಿಪಿ ಮಾತ್ರೆಯಿಂದ ಬಂದ ಕೆಮ್ಮಿಗೆ ಬಿಪಿ ಏರಿಸುವ ಬೇರು ಕೊಡುತ್ತಾ ಕೂತಿದ್ದೆವು ಎಂಬುದು ನನಗೆ ಇವತ್ತಿಗೂ ಸಂಕಟದ ನೆನಪು. ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತಿರುತ್ತದೆ. ಹಾಗಾಗಬಾರದು ಎಂದರೆ ಏನೇನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಬೇಕು

‘ಔಷಧಿ ಮಾರುಕಟ್ಟೆಗೆ ಬರುವ ಮೊದಲೇ ಪರೀಕ್ಷೆ ಮಾಡಿರುತ್ತಾರಲ್ಲ, ನಾವು ಹೇಳುವುದೇನಿದೆ?’ ಎಂದು ಬಹಳ ಜನ ಕೇಳುತ್ತಾರೆ. ಪರೀಕ್ಷೆ ಮಾಡಿರುತ್ತಾರೆ, ನಿಜ. ಆದರೆ ಒಂದು ಔಷಧಿಯನ್ನು ಮೂರು ಸಾವಿರ ಜನರ ಮೇಲೆ ಪರೀಕ್ಷಿಸಿ, ಯಾರಲ್ಲೂ ಒಂದು ತೊಂದರೆ ಕಾಣಲಿಲ್ಲ ಎಂದಿಟ್ಟುಕೊಳ್ಳಿ. ಆಗಲೂ ಆ ತೊಂದರೆ ಸಾವಿರಕ್ಕೆ ಒಬ್ಬರಿಗೆ ಬರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎನ್ನುತ್ತದೆ ಸಂಖ್ಯಾಶಾಸ್ತ್ರ. ಮೇಲಾಗಿ ಗರ್ಭಿಣಿಯರು, ತೀರಾ ವಯಸ್ಸಾದವರು, ಕಿಡ್ನಿ ಕಾಯಿಲೆಯವರು, ಐದಾರು ಬಗೆಯ ಮಾತ್ರೆ ನುಂಗುವವರು ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಾರುಕಟ್ಟೆಗೆ ಬಂದ ಮೇಲೆ ಆ ಔಷಧಿಯನ್ನು ಅವರೂ ನುಂಗುತ್ತಾರೆ.

ಥಾಲಿಡೊಮೈಡ್ ಕತೆ ಇದಕ್ಕೆ ದೊಡ್ಡ ಸಾಕ್ಷಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಮಾರಾಟಕ್ಕೆ ಬಂದದ್ದನ್ನು ಬಸಿರಿಯರು ವಾಂತಿ, ವಾಕರಿಕೆಗೂ ತೆಗೆದುಕೊಂಡರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದರು. ಜಗತ್ತಿನಾದ್ಯಂತ ಅಂಥ ಮಕ್ಕಳ ಸಂಖ್ಯೆ ಹತ್ತು ಸಾವಿರ ದಾಟಿತು. ಜರ್ಮನಿಯಲ್ಲಿ ಮಕ್ಕಳ ವೈದ್ಯ ವಿದುಕಿಂಡ್ ಲೆನ್ಜ್ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಬಸಿರಿನಲ್ಲಿ ಏನೇನು ತೆಗೆದುಕೊಂಡಿರಿ ಎಂದು ಕೇಳಿ ಗಂಟು ಬಿಡಿಸಿದರು. ಅತ್ತ ಆಸ್ಟ್ರೇಲಿಯಾದಿಂದ ಹೆರಿಗೆ ವೈದ್ಯ ವಿಲಿಯಂ ಮೆಕ್‌ಬ್ರೈಡ್ ಇದೇ ಅನುಮಾನ ತಿಳಿಸಿ ಬರೆದ ಕೆಲವೇ ಸಾಲಿನ ಪತ್ರ 1961ರ ಡಿಸೆಂಬರ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಔಷಧಿಗಳ ಮೇಲೆ ಜಗತ್ತು ಇವತ್ತು ಇಟ್ಟಿರುವ ಕಾವಲಿಗೆ ಆ ದುರಂತವೇ ಮೂಲ. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಶುರು ಮಾಡಿದ ಈ ಕೆಲಸಕ್ಕೆ ಈಗ ಸ್ವೀಡನ್ನಿನ ಉಪ್ಸಾಲಾ ಕೇಂದ್ರ. ಭಾರತದಲ್ಲಿ ಔಷಧಿಗಳಿಂದಾದ ತೊಡಕುಗಳ ಲೆಕ್ಕವೂ ಅಲ್ಲಿಗೇ ಸೇರುತ್ತದೆ. ಆ ಲೆಕ್ಕದ ಒಂದೊಂದು ಸಾಲೂ ಯಾರೋ ಒಬ್ಬರು ‘ನನಗೆ ಹೀಗಾಯಿತು’ ಎಂದು ಹೇಳಿದ್ದರಿಂದ ಬಂದದ್ದು.

1. ತುರ್ತು ಹೌದೋ ಅಲ್ಲವೋ ನೋಡಿ

ಮಾತ್ರೆ ನುಂಗಿದ ಅಥವಾ ಇಂಜೆಕ್ಷನ್ ಪಡೆದ ಸ್ವಲ್ಪ ಹೊತ್ತಿನಲ್ಲೇ ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಬರೆದಿಡುವ ಮಾತು ಆಮೇಲೆ. ಕೂಡಲೇ 108ಕ್ಕೆ ಕರೆ ಮಾಡಿ. ಮೈಮೇಲೆ ಬೊಬ್ಬೆ ಎದ್ದು ಚರ್ಮ ಸುಲಿಯುವುದು, ಅದರ ಜೊತೆ ಬಾಯಿಹುಣ್ಣು, ಕಣ್ಣು ಕೆಂಪಾಗುವುದು ಕೂಡ ತುರ್ತೇ. ಅಪಸ್ಮಾರ ಅಂದರೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್‌ನಂಥ ಮಾತ್ರೆಗಳಿಂದ ಅಪರೂಪಕ್ಕೆ ಹೀಗಾಗುವುದುಂಟು. ಕಣ್ಣು ಹಳದಿಯಾಗಿ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಡಾಕ್ಟರನ್ನು ಕಾಣಬೇಕು.

ಉಳಿದ ತೊಂದರೆಗಳಲ್ಲಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ, ಸ್ಟೀರಾಯ್ಡ್, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ, ಬಿಟ್ಟದ್ದರಿಂದಲೇ ಅಪಾಯ. ಫೋನ್ ಮಾಡಿಯಾದರೂ ಕೇಳಿ.

2. ತಾರೀಖು ಬರೆಯಿರಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಇದಕ್ಕೆ ಬೇಕಾದದ್ದು ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್, ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದು. ಹೊಸ ಮಾತ್ರೆ ಶುರುವಾದ ದಿನದ ಚೌಕದಲ್ಲಿ ಅದರ ಹೆಸರು. ತೊಂದರೆ ಕಂಡ ದಿನದ ಚೌಕದಲ್ಲಿ ತೊಂದರೆ. ಅಮ್ಮನ ಮಾತ್ರೆಯನ್ನು ಹೀಗೆ ಬರೆದಿಟ್ಟಿದ್ದರೆ, ಆ ಎರಡು ಚೌಕಗಳ ನಡುವೆ ಮೂರೇ ವಾರ ಇದ್ದದ್ದು ಮೊದಲ ತಿಂಗಳೇ ಕಣ್ಣಿಗೆ ಹೊಡೆಯುತ್ತಿತ್ತು.

ಬರೆಯುವಾಗ ಆದದ್ದನ್ನೇ ಬರೆಯಿರಿ. ನಮ್ಮಲ್ಲಿ ‘ಮಾತ್ರೆ ಹೀಟಾಯ್ತು’ ಎನ್ನುವ ಮಾತೊಂದಿದೆ. ಬಾಯಿಹುಣ್ಣಿಗೂ ಹೀಟು, ಉರಿಮೂತ್ರಕ್ಕೂ ಹೀಟು, ಭೇದಿಗೂ ಹೀಟು. ಡಾಕ್ಟರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಮಾತ್ರೆ ನುಂಗಿದ ಅರ್ಧ ಗಂಟೆಗೆ ಹೊಟ್ಟೆ ಉರಿ, ಊಟ ಮಾಡಿದರೆ ಕಡಿಮೆ’ ಎಂದರೆ ತಿಳಿಯುತ್ತದೆ. ‘ಕಾಲು ಬಾವು’ ಎನ್ನುವುದಕ್ಕಿಂತ ‘ಸಂಜೆ ಹೊತ್ತಿಗೆ ಎರಡೂ ಪಾದ ಊದಿ ಚಪ್ಪಲಿಯ ಪಟ್ಟಿ ಒತ್ತುತ್ತದೆ’ ಎನ್ನಿ. ಆಮ್ಲೊಡಿಪಿನ್ ತೆಗೆದುಕೊಳ್ಳುವ ಬಿಪಿ ರೋಗಿಗಳಲ್ಲಿ ಕೆಲವರು ಹೇಳುವುದು ಹೀಗೇ.

3. ಮಾತ್ರೆಯ ಹಾಳೆ ಎಸೆಯಬೇಡಿ

ಮೆಡಿಕಲ್ ಶಾಪಿನಲ್ಲಿ ಐದೇ ಮಾತ್ರೆ ಕೇಳಿದರೆ ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಖು ಇರುವ ತುದಿ ಕೆಲವೊಮ್ಮೆ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ಬಿಲ್ ಕೇಳಿ ಪಡೆಯಿರಿ. ಬ್ಯಾಚ್ ನಂಬರ್ ಅದರಲ್ಲಿರುತ್ತದೆ. ಪೂರ್ತಿ ಹಾಳೆ ಕೊಂಡಿದ್ದರೆ, ನಂಬರ್ ಇರುವ ತುದಿ ಕೊನೆಗೆ ಉಳಿಯುವಂತೆ ಆಚೆ ತುದಿಯಿಂದ ಮಾತ್ರೆ ತೆಗೆಯುತ್ತಾ ಬನ್ನಿ. ಮೊಬೈಲಿನಲ್ಲಿ ಹಿಂದೂ ಮುಂದೂ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ತೊಂದರೆ ಔಷಧಿಯದೋ, ಕೆಟ್ಟುಹೋದ ಒಂದು ಬ್ಯಾಚಿನದೋ ಎಂದು ಆಮೇಲೆ ಹುಡುಕುವವರಿಗೆ ಈ ನಂಬರ್ ಬೇಕು.

4. ಬಾಯಿಗೆ ಹೋದದ್ದೆಲ್ಲ ಪಟ್ಟಿಗೆ ಬರಲಿ

ಚೀಟಿಯಲ್ಲಿ ಬರೆದದ್ದಷ್ಟೇ ಔಷಧಿ ಎಂದುಕೊಳ್ಳುವುದು ದೊಡ್ಡ ತಪ್ಪು. ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆ, ಹೊಟ್ಟೆಯುಬ್ಬರದ ಪುಡಿ, ನಾಟಿ ಔಷಧಿ, ಲೇಹ್ಯ, ಕಷಾಯ ಎಲ್ಲವೂ ಬರಬೇಕು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು, ಅಮೃತಬಳ್ಳಿ ಸೇವಿಸಿದ್ದ ಆರು ರೋಗಿಗಳ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಕುಲದ ಬೇರೆ ಬಳ್ಳಿ ಸೇರಿಹೋಗಿರಬಹುದು ಎಂದಿತು. ಇಂಥ ಜಗಳ ಬಗೆಹರಿಯಬೇಕಾದರೆ ಎಲೆ ಯಾವುದು, ಎಷ್ಟು, ಎಷ್ಟು ದಿನ ಎಂದು ಬರೆದಿಟ್ಟವರು ಬೇಕು. ಕಷಾಯ ಕುಡಿದವರನ್ನು ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಕುಡಿದಿದ್ದೇವೆ. ಡಾಕ್ಟರ ಮುಂದೆ ಅದನ್ನು ಮುಚ್ಚಿಡಬಾರದು, ಅಷ್ಟೆ.

5. ಕಾರಣ ಔಷಧಿಯೇ ಎಂದು ಹೇಗೆ ಗೊತ್ತಾಗುತ್ತದೆ?

ತಜ್ಞರೂ ಕೇಳಿಕೊಳ್ಳುವುದು ಸರಳ ಪ್ರಶ್ನೆಗಳನ್ನೇ. ತೊಂದರೆ ಮಾತ್ರೆಗಿಂತ ಮೊದಲೇ ಇತ್ತೆ? ಮಾತ್ರೆ ನಿಲ್ಲಿಸಿದಾಗ ಇಳಿಯಿತೆ? ಮತ್ತೆ ಕೊಟ್ಟಾಗ ಮರುಕಳಿಸಿತೆ? ಕಾಯಿಲೆಯಿಂದಲೇ ಹೀಗಾಗಿರಬಹುದೆ? 1981ರಲ್ಲಿ ನರಾಂಜೊ ಮತ್ತು ಸಂಗಡಿಗರು ಇಂಥ ಹತ್ತು ಪ್ರಶ್ನೆಗಳಿಗೆ ಅಂಕ ಕೊಡುವ ಕ್ರಮ ರೂಪಿಸಿದರು. ಆಸ್ಪತ್ರೆಗಳಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ. ಮೂರನೆಯ ಪ್ರಶ್ನೆಯನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ. ಅಲರ್ಜಿ ಎರಡನೆಯ ಸಲ ಮೊದಲಿಗಿಂತ ಜೋರಾಗಿ ಬರಬಹುದು.

ಕಂಡದ್ದೆಲ್ಲ ಅಪಾಯವೂ ಅಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ಏನೂ ಕೆಡುಕಿಲ್ಲ, ಆದರೆ ಮೊದಲೇ ಹೇಳದಿದ್ದರೆ ರೋಗಿ ಹೆದರಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ. ಕ್ಷಯದ್ದೇ ಇನ್ನೊಂದು ಔಷಧಿ ಇಥಾಂಬುಟಾಲ್ ತೆಗೆದುಕೊಳ್ಳುವಾಗ ಕೆಂಪು–ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದೆ ಹೋದರೆ, ಕಣ್ಣು ಮಂಜಾದರೆ, ಒಂದು ದಿನವೂ ಕಾಯದೆ ಹೇಳಬೇಕು. ಶುಗರ್‌ಗೆ ಮೆಟ್‌ಫಾರ್ಮಿನ್ ಶುರುವಾದ ಹೊಸದರಲ್ಲಿ ಹೊಟ್ಟೆಯುಬ್ಬರ, ಭೇದಿ ಸಾಮಾನ್ಯ. ಊಟದ ಜೊತೆ ತೆಗೆದುಕೊಂಡರೆ ಬಹಳ ಜನರಿಗೆ ಕಡಿಮೆಯಾಗುತ್ತದೆ. ಕಬ್ಬಿಣಾಂಶದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ.

6. ಡಾಕ್ಟರಿಗೆ ಹೇಳಿ, ಆಮೇಲೆ ಸರ್ಕಾರಕ್ಕೂ ತಿಳಿಸಿ

ಡಾಕ್ಟರ ಬಳಿ ಕ್ಯಾಲೆಂಡರಿನ ಫೋಟೊ, ಮಾತ್ರೆ ಹಾಳೆ, ಪಟ್ಟಿ ಒಯ್ಯಿರಿ. ‘ನೀವು ಕೊಟ್ಟ ಮಾತ್ರೆಯಿಂದ ಹೀಗಾಯಿತು’ ಎಂದರೆ ಮಾತು ಅಲ್ಲಿಗೇ ಕೆಡಬಹುದು. ‘ಈ ತಾರೀಖಿಗೆ ಇದು ಶುರುವಾಯಿತು, ಈ ತಾರೀಖಿಗೆ ಇದು ಕಾಣಿಸಿತು, ಸಂಬಂಧ ಇರಬಹುದಾ ಡಾಕ್ಟ್ರೇ?’ ಎಂದು ಕೇಳಿ.

ಇನ್ನು ಬಹಳ ಜನರಿಗೆ ಗೊತ್ತೇ ಇಲ್ಲದ ಸಂಗತಿ. ಔಷಧಿಗಳ ಅಡ್ಡಪರಿಣಾಮದ ವರದಿ ಪಡೆಯಲು ನಮ್ಮ ದೇಶದಲ್ಲಿ 2010ರಿಂದ ಒಂದು ರಾಷ್ಟ್ರೀಯ ವ್ಯವಸ್ಥೆ ಇದೆ. ಗಾಜಿಯಾಬಾದ್‌ನ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತದೆ. ರೋಗಿ ಅಥವಾ ಮನೆಯವರು ನೇರವಾಗಿ ತಿಳಿಸಬಹುದು. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ಸಾರ್ವಜನಿಕರಿಗೆಂದೇ ಮಾಡಿರುವ ನಮೂನೆ ಕನ್ನಡದಲ್ಲೂ ಇದೆ. ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇದಕ್ಕಾಗಿ ನಿಗಾ ಕೇಂದ್ರಗಳಿವೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಿರುವುದು ಅಂಥದ್ದೊಂದು. ಫಾರ್ಮಕಾಲಜಿ ವಿಭಾಗ ಎಲ್ಲಿದೆ ಎಂದು ಕೇಳಿದರೆ ಸಾಮಾನ್ಯವಾಗಿ ದಾರಿ ತೋರಿಸುತ್ತಾರೆ.

ಯಾರಿಗೆ ಆಯಿತು, ಯಾವ ಔಷಧಿ, ಏನಾಯಿತು, ತಿಳಿಸುತ್ತಿರುವವರು ಯಾರು, ಈ ನಾಲ್ಕು ಇಲ್ಲದೆ ವರದಿ ನಿಲ್ಲುವುದಿಲ್ಲ. ರೋಗಿಯ ಪೂರ್ತಿ ಹೆಸರು ಬೇಡ, ಮೊದಲಕ್ಷರ ಸಾಕು. ವಿವರ ಗುಟ್ಟಾಗಿರುತ್ತದೆ. ಕಾರಣ ಇದೇ ಎಂದು ಖಚಿತವಾಗಿರಬೇಕಿಲ್ಲ, ಅನುಮಾನವಿದ್ದರೂ ಸಾಕು. ಡಾಕ್ಟರ ಮೇಲೆ ದೂರು ಕೊಟ್ಟಂತಾಗುತ್ತದೆ ಎಂಬ ಅಂಜಿಕೆಯೂ ಬೇಡ. ಇದು ಔಷಧಿಯ ಕುರಿತ ಮಾಹಿತಿ.

ಕಳುಹಿಸಿದ ವರದಿ ಕಡತದಲ್ಲಿ ಕೊಳೆಯುತ್ತದೆ ಎಂದುಕೊಳ್ಳಬೇಡಿ. ಮೆಫೆನಾಮಿಕ್ ಆ್ಯಸಿಡ್ ಎಂಬ ನೋವಿನ ಮಾತ್ರೆ ನಮ್ಮ ಹೆಣ್ಣುಮಕ್ಕಳು ಮುಟ್ಟಿನ ಹೊಟ್ಟೆನೋವಿಗೆ ಧಾರಾಳವಾಗಿ ತೆಗೆದುಕೊಳ್ಳುವಂಥದ್ದು. ದೇಶದ ನಾನಾ ಕಡೆಯಿಂದ ಬಂದ ವರದಿಗಳನ್ನು ಪರಿಶೀಲಿಸಿದ ಆಯೋಗ 2023ರ ನವೆಂಬರ್ 30ರಂದು ಎಚ್ಚರಿಕೆ ಹೊರಡಿಸಿತು. ಜ್ವರ, ಮೈಮೇಲೆ ದದ್ದು, ಗ್ರಂಥಿಗಳ ಊತ ಒಟ್ಟಿಗೆ ಬರುವ, ಔಷಧಿ ಶುರುವಾಗಿ ಎರಡರಿಂದ ಎಂಟು ವಾರಕ್ಕೆ ಕಾಣಿಸಬಹುದಾದ ತೀವ್ರ ಅಲರ್ಜಿಯ ಬಗ್ಗೆ ಅದು ಎಚ್ಚರಿಸಿತ್ತು.

7. ಉಳಿದ ಮಾತ್ರೆ ಚರಂಡಿಗೆ ಹಾಕಬೇಡಿ

ಒಗ್ಗದೆ ಬಿಟ್ಟ ಮಾತ್ರೆ ಮನೆಯಲ್ಲಿ ಉಳಿಯುತ್ತದೆ. ಸಿಂಕಿಗೆ ಸುರಿದು ನೀರು ಬಿಡುವವರೂ ಇದ್ದಾರೆ. ಔಷಧಿಯ ಅಡ್ಡಪರಿಣಾಮ ನುಂಗಿದವರ ಮೈಯಲ್ಲೇ ಮುಗಿಯುತ್ತದೆ ಎಂಬ ನಂಬಿಕೆಯನ್ನು ರಣಹದ್ದುಗಳು ಸುಳ್ಳು ಮಾಡಿದವು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಅವುಗಳ ಮೂತ್ರಪಿಂಡ ಕೆಡಿಸುತ್ತದೆ ಎಂಬುದು 2004ರಲ್ಲಿ ಪ್ರಕಟವಾದ ಪಾಕಿಸ್ತಾನದ ಅಧ್ಯಯನದಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಉಪಖಂಡದ ಬಿಳಿಬೆನ್ನಿನ ರಣಹದ್ದುಗಳು ಬಹುಪಾಲು ಅಳಿದಿದ್ದವು. 2006ರಲ್ಲಿ ಭಾರತ ಜಾನುವಾರುಗಳಿಗೆ ಅದರ ಬಳಕೆ ನಿಷೇಧಿಸಿತು. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದ ಕೆಲವೇ ಹಕ್ಕಿಗಳಿಗಾಗಿ 2012ರಲ್ಲಿ ರಣಹದ್ದು ಧಾಮ ಘೋಷಣೆಯಾಯಿತು.

2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧಿಯನ್ನು ಮನೆಯ ಅಪಾಯಕಾರಿ ಕಸ ಎಂದು ಗುರುತಿಸಿದ್ದವು. ಹಸಿ ಕಸದಲ್ಲಿ ಬೆರೆಸದೆ, ಬೇರೆ ಕವರಿನಲ್ಲಿ ಕಟ್ಟಿ, ಕಸದ ಗಾಡಿಯವರಿಗೆ ಹೇಳಿಯೇ ಕೊಡಿ. ಬೇರೆಯವರಿಗೆ ‘ನನಗೆ ಆಗಲಿಲ್ಲ, ನೀನು ತಗೋ’ ಎಂದು ದಾಟಿಸಬೇಡಿ.

8. ಒಂದು ಚೀಟಿ ಪರ್ಸಿನಲ್ಲಿರಲಿ

ಒಗ್ಗದ ಔಷಧಿಯ ಮೂಲ ಹೆಸರನ್ನು ಬರೆದಿಡಿ, ಕಂಪನಿ ಇಟ್ಟ ಹೆಸರಷ್ಟೇ ಸಾಲದು. ಅದೇ ಔಷಧಿ ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ. ಬೇರೆ ಊರಿನ ಬೇರೆ ಡಾಕ್ಟರು ಬೇರೆ ಹೆಸರಿನಲ್ಲಿ ಅದನ್ನೇ ಕೊಟ್ಟುಬಿಡಬಹುದು. ಹಲ್ಲು ಕೀಳಿಸುವಾಗ, ಆಪರೇಷನ್‌ಗೆ ಮುಂಚೆ, ಸ್ಕ್ಯಾನಿಂಗ್‌ಗೆ ಇಂಜೆಕ್ಷನ್ ಕೊಡುವ ಮುಂಚೆ ಇದನ್ನು ತೋರಿಸಿ.

ಅಮ್ಮ ತನ್ನ ಚೀಟಿಯನ್ನು ಬಸ್ಸಿನ ಪಾಸ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡಿದ್ದಾಳೆ. ಅವಳದೇ ಅಕ್ಷರ: ‘ಎನಲಾಪ್ರಿಲ್ – ಒಣಕೆಮ್ಮು. ರಾಮಿಪ್ರಿಲ್ ಕೂಡ ಬೇಡ. ಜ್ಯೇಷ್ಠಮಧು ಬೇಡ.’ ಮೊನ್ನೆ ಕಣ್ಣಿನ ಆಪರೇಷನ್‌ಗೆ ಹೋದಾಗ ನರ್ಸ್ ಕೇಳುವ ಮೊದಲೇ ತೆಗೆದು ಮೇಜಿನ ಮೇಲಿಟ್ಟಳು.